ತಾಳಕ್ಕೆ ಕುಣಿದ ತ್ರಿಭುಜ

ನಾನು ಕೈವಾರ ಮುಟ್ಟದೆ ಕರಿಹಲಗೆಯ ಮೇಲೆ ಒಂದು ವೃತ್ತ ಎಳೆದರೆ ಹುಣ್ಣಿಮೆಯ ಚಂದ್ರ ನಾಚಿಕೊಂಡು ಎರಡು ದಿನ ಮೋಡದ ಹಿಂದೆ ಕೂರುತ್ತಾನೆ. ಇದು ಜಂಬವಲ್ಲ. ತಲ್ಲೂರಿನಿಂದ ಬೈಂದೂರಿನವರೆಗೆ ಯಾರನ್ನು ಬೇಕಾದರೂ ಕೇಳಿ, ಕೊಕ್ಕರ್ಣೆಯ ಪ್ರಫುಲ್ಲಾ ಟೀಚರ್ ಹೇಗೆ ಅಂತ. ಹೌದು ಅನ್ನದವರು ಗಣಿತದಲ್ಲಿ ಫೇಲಾದವರು, ಅವರ ಮಾತು ಲೆಕ್ಕಕ್ಕಿಲ್ಲ. ಇಂಥ ನನ್ನನ್ನು ಒಬ್ಬ ಮಹಾನುಭಾವರು ಏಳು ವರ್ಷ ಎಂಟು, ಒಂಬತ್ತನೇ ಕ್ಲಾಸಿನಲ್ಲಿ ಕೂಡಿಹಾಕಿದರು. ಅವರ ಮೇಲೆ ನಾನು ತೀರಿಸಿಕೊಂಡ ಸೇಡಿನ ಕತೆ ಇದು. ಬೈದು, ಹೊಡೆದು, ಅರ್ಜಿ ಹಾಕಿ ತೀರಿಸಿಕೊಳ್ಳುವ ಸೇಡು ನನ್ನ ಅಂತಸ್ತಿಗೆ ತಕ್ಕದ್ದಲ್ಲ. ನಾನು ತರ್ಕದಿಂದ ಕೊಂದೆ.

1997ರ ಜೂನಿನಲ್ಲಿ ನಾನು ತಲ್ಲೂರಿನ ಹತ್ತಿರ ಹೆದ್ದಾರಿಯ ಪಕ್ಕದ ಒಂದು ಹೈಸ್ಕೂಲಿಗೆ ಸೇರಿದಾಗ ಅಲ್ಲಿ ಆಗಲೇ ಒಬ್ಬ ಗಣಿತದ ದೊರೆ ಇದ್ದರು. ಲೀಲಾಧರ ಮಾಸ್ಟ್ರು. ಬೆಳಗ್ಗೆ ಗಣಿತ, ಸಂಜೆ ಭಜನಾ ಮಂಡಳಿ. ಅವರು ಸ್ವರ ಎತ್ತಿದರೆ ಗಂಗೊಳ್ಳಿಯಿಂದ ಹೊರಟ ದೋಣಿಗಳು ಯಾರೋ ಕರೆದರೆಂದು ದಡಕ್ಕೆ ತಿರುಗುತ್ತಿದ್ದವು. ಈ ಎರಡು ಕೆಲಸಗಳನ್ನು ಅವರು ಬೇರೆಬೇರೆ ಇಟ್ಟಿದ್ದರೆ ಜಗತ್ತಿಗೆ ತೊಂದರೆ ಇರಲಿಲ್ಲ. ಅವರು ರೇಖಾಗಣಿತದ ಪ್ರಮೇಯಗಳನ್ನೆಲ್ಲ ಭಜನೆಯ ಧಾಟಿಗೆ ಕೂರಿಸಿದ್ದರು. ಬಲಗೈಯಲ್ಲಿ ತಾಳ, ಎಡಗೈಯಲ್ಲಿ ಬೆತ್ತ. ಅವರು ‘ದತ್ತ’ ಅಂದರೆ ಮಕ್ಕಳು ‘ದತ್ತಾ’, ಅವರು ‘ಸಾಧನೀಯ’ ಅಂದರೆ ಮಕ್ಕಳು ‘ಸಾಧನೀಯಾ’. ಪರೀಕ್ಷೆಯಲ್ಲಿ ಐವತ್ತು ಮಕ್ಕಳು ಮೂಗಿನಲ್ಲೇ ಗುಂಯ್‌ಗುಟ್ಟುತ್ತ ಬರೆದು ಆರಕ್ಕೆ ಆರು ಅಂಕ ತೆಗೆಯುತ್ತಿದ್ದರು. ಪ್ರಶ್ನೆಪತ್ರಿಕೆಯವರು ಎ ಬಿ ಸಿ ಬಿಟ್ಟು ಪಿ ಕ್ಯೂ ಆರ್ ಅಂತ ತ್ರಿಭುಜಕ್ಕೆ ಹೆಸರಿಟ್ಟ ವರ್ಷ ಮಾತ್ರ ಇಡೀ ಕ್ಲಾಸು ಬಾಯಿ ಕಟ್ಟಿದ ಹಾಗೆ ಕೂತಿತ್ತು.

ನಾನು ಸೇರಿದ ತಿಂಗಳಲ್ಲೇ ವಿಷಯ ಪರಿವೀಕ್ಷಕರು ನನ್ನ ಪಾಠ ನೋಡಲು ಬಂದರು. ಒಬ್ಬ ಹುಡುಗ ಎದ್ದು ‘ಇದು ಯಾಕೆ ಹೀಗೆ?’ ಎಂದು ಕೇಳಿದ. ಯಾಕೆ ಎಂದು ಕೇಳುವ ಮಕ್ಕಳು ಕಡಲಿನಲ್ಲಿ ಚಿನ್ನದ ಮೀನು ಸಿಕ್ಕಿದ ಹಾಗೆ. ನಾನು ಖುಷಿಯಿಂದ ಒಂದೊಂದೇ ಮೆಟ್ಟಿಲು ಹತ್ತಿಸುತ್ತಿದ್ದೆ. ಹಿಂದಿನ ಬೆಂಚಿನಲ್ಲಿ ಕೂತಿದ್ದ ಲೀಲಾಧರ ಮಾಸ್ಟ್ರಿಗೆ ತಡೆಯಲಿಲ್ಲ. ಎದ್ದು ನಿಂತು ಹಾಡಿಯೇ ಬಿಟ್ಟರು. ಗೋಡೆಯ ಆಚೆಯ ಕ್ಲಾಸು ಸೊಲ್ಲು ಸೇರಿಸಿ ಹಿಂದೆಯೇ ಹಾಡಿತು. ಪರಿವೀಕ್ಷಕರು ಮೇಜಿನ ಮೇಲೆ ಬೆರಳಲ್ಲಿ ತಾಳ ಹಾಕಿದರು.

ಹಾಡು ಮುಗಿದ ಮೇಲೆ ಮಾಸ್ಟ್ರು ನನಗೆ ಕೂರಲು ಕುರ್ಚಿ ತೋರಿಸಿ ನನ್ನ ಮಕ್ಕಳ ಎದುರೇ ಹೇಳಿದರು: “ಕೂಕಣಿ ಟೀಚರ್ರೇ. ಪ್ರಮೇಯ ಅಂದ್ರೆ ನಿಮ್ಮ ಕೊಕ್ಕರ್ಣೆ ಗದ್ದಿಯಗೆ ನಟ್ಟಿ ಮಾಡ್ದಂಗಲ್ಲ, ಒಂದೊಂದೇ ಊರುಕೆ.”

ನಲವತ್ತು ಮಕ್ಕಳು ನಕ್ಕರು. ಆ ನಗು ಕುಂದಾಪುರದ ಬಸ್‌ಸ್ಟ್ಯಾಂಡಿನವರೆಗೂ ನನ್ನ ಹಿಂದೆ ಬಂತು, ಟಿಕೆಟ್ ಇಲ್ಲದೆ ಬಸ್ಸು ಹತ್ತಿತು, ನನ್ನ ಜೊತೆ ಊಟಕ್ಕೂ ಕೂತಿತು. ಅಂದಿನಿಂದ ಹತ್ತನೇ ಕ್ಲಾಸು ಮತ್ತು ಒಂಬತ್ತನೇ ‘ಎ’ ಅವರಿಗೆ. ನನಗೆ ಎಂಟನೆಯದು ಮತ್ತು ಒಂಬತ್ತನೇ ‘ಬಿ’. ಅಂದರೆ ನಾನು ಕಲಿಸಿದ ಮಕ್ಕಳು ಹತ್ತಕ್ಕೆ ಹೋದ ಕೂಡಲೇ ಭಜನೆಗೆ ಕೂರಬೇಕು. ನಾನು ಹಲ್ಲು ಕಚ್ಚಿ ಕಾದೆ. ನನ್ನ ಹಲ್ಲಿನ ಸದ್ದಿಗೆ ಪಕ್ಕದ ಮನೆಯವರು ಹಿಟ್ಟಿನ ಗಿರಣಿ ಬಂತೆಂದು ಅಕ್ಕಿ ಹಿಡಿದುಕೊಂಡು ಬಂದದ್ದುಂಟು.

2004ರ ಸೆಪ್ಟೆಂಬರಿನಲ್ಲಿ ದೇವರು ಕಣ್ಣು ಬಿಟ್ಟ.

ನಾನು ‘ಬಿ’ ಕ್ಲಾಸಿನಲ್ಲಿದ್ದೆ. ಗೋಡೆಯ ಆಚೆ ‘ಎ’ ಕ್ಲಾಸಿನಲ್ಲಿ ಹೊಸ ಹಾಡು ಶುರುವಾಯಿತು.

‘ಎರಡು ಬಾಹು ಒಂದು ಕೋನ ಕೂಡಿ ಬಂತು ನೋಡೋ, ತ್ರಿಭುಜ ಎರಡೂ ಸರ್ವಸಮ, ಬಾ ಬಾ ಕೋ...’

ನನ್ನ ಕೈಯ ಸೀಮೆಸುಣ್ಣ ತುಂಡಾಯಿತು. ಗಣಿತ ಮರೆತವರಿಗಾಗಿ ಹೇಳುತ್ತೇನೆ, ಬಹಳ ಸುಲಭ. ಒಂದು ತ್ರಿಭುಜದ ಎರಡು ಬಾಹು ಮತ್ತು ಆ ಬಾಹುಗಳ ನಡುವಿನ ಕೋನ ಇನ್ನೊಂದು ತ್ರಿಭುಜದ ಇಂಥವೇ ಮೂರಕ್ಕೆ ಸಮವಾದರೆ ಎರಡು ತ್ರಿಭುಜಗಳೂ ಪಡಿಯಚ್ಚು. ಇದನ್ನು ನಾವು ‘ಬಾ-ಕೋ-ಬಾ’ ಅನ್ನುತ್ತೇವೆ. ಕೋನ ನಡುವೆಯೇ ಇರಬೇಕು, ಇಡೀ ಜೀವ ಅಲ್ಲಿದೆ. ಮಾಸ್ಟ್ರಿಗೆ ‘ನೋಡೋ’ ಎಂಬುದಕ್ಕೆ ಪ್ರಾಸ ಬೇಕಿತ್ತು. ಸಾಲಿನ ಕೊನೆಗೆ ಸೊಲ್ಲಿನವರು ಉದ್ದ ಎಳೆಯಲು ಒಂದು ‘ಓ’ ಬೇಕಿತ್ತು. ನಡುವೆ ಕೂತಿದ್ದ ಪಾಪದ ‘ಕೋ’ವನ್ನು ಕಿವಿ ಹಿಡಿದು ತಂದು ಕೊನೆಗೆ ಕೂರಿಸಿದ್ದರು. ದೇವರ ನಾಮದಲ್ಲಿ ಶಬ್ದ ಅತ್ತಿತ್ತ ಆದರೆ ದೇವರು ಕ್ಷಮಿಸುತ್ತಾನೆ. ತ್ರಿಭುಜ ಕ್ಷಮಿಸುವುದಿಲ್ಲ.

ಆಗಲೇ ಹೋಗಿ ಹೇಳಬಹುದಿತ್ತು. ಹೇಳುವುದೆ? ಏಳು ವರ್ಷ ಬಲೆ ಹಾಕಿ ಕೂತವಳು, ಮೀನು ತಾನಾಗಿ ಬಂದು ಮಡಿಲಲ್ಲಿ ಬಿದ್ದಾಗ ‘ಹೋಗು ಮಗಾ, ನೀರಿಗೆ ಹಾರು’ ಅನ್ನುವುದೆ?

ಮಧ್ಯಾಹ್ನ ಸ್ಟಾಫ್‌ರೂಮಿನಲ್ಲಿ ಹೆಡ್‌ಮಾಸ್ಟರ್ ಗುಣಪಾಲರ ಎದುರೇ ಶುರು ಮಾಡಿದೆ.

“ಸರ್, ಎಂಥಾ ಹಾಡ್ ಮರಾಯ್ರೆ! ಮೈ ಜುಮ್ ಅಂತ್. ಇದನ್ನ್ ಜನವರಿ ಗಣಿತ ಮೇಳದಗೆ ಹಾಡ್ಸ್ಕೇ ಹಾಡ್ಸ್ಕ್.”

ಲೀಲಾಧರ ಮಾಸ್ಟ್ರು ಮೀಸೆಯ ಎರಡು ತುದಿಯನ್ನೂ ಒಂದೊಂದು ಸಲ ಮುಟ್ಟಿ, ಕಿವಿ ತೋರಿಸಿದರು. “ಟೀಚರ್ರಿಗೆ ಏಳ್ ವರ್ಷದ್ ಮೇಲೆ ಕೆಮಿ ಬಂತ್ ಕಾಣಿ.”

“ಬಂತ್ ಸರ್. ನಿಮ್ಮ ಹಾಡಿಂದ್ಲೇ ಬಂದದ್ದ್.”

ಗುಣಪಾಲ ಸರ್ ಜಗಳ ಕಂಡರೆ ಕುರ್ಚಿಯ ಅಡಿಗೆ ಹೋಗುವ ಜಾತಿ. ನಾವಿಬ್ಬರು ನಗುನಗುತ್ತ ಮಾತಾಡಿದ್ದು ಕಂಡು ಅವರಿಗೆ ಧೈರ್ಯ ಬಂತು. “ಹಾಂಗಾರೆ ಒಂದ್ ಮಾತ್. ಮೇಳಕ್ಕೆ ಬೈಂದೂರ್ ಕಡಿಯೋರ್, ಬ್ರಹ್ಮಾವರ ಕಡಿಯೋರ್, ಸುಮಾರ್ ಶಾಲಿಯೋರ್ ಬತ್ರ್. ಪರಿವೀಕ್ಷಕ ಚಂದಯ್ಯ ಸರ್ ಬತ್ರ್. ‘ಎ’ ಮಕ್ಳ್ ಹಾಡ್ಲಿ, ‘ಬಿ’ ಮಕ್ಳ್ ಎಂತಾರೂ ಮಾಡ್ಲಿ. ಯಾರ್ ಮಕ್ಳನ್ನ ಚಂದಯ್ಯ ಸರ್ ಮೆಚ್ಚ್ತ್ರೋ, ಬಪ್ಪ ಜೂನಿಗೆ ಹತ್ತನೇ ಕ್ಲಾಸ್ ಅವ್ರಿಗೆ. ಆಯ್ತಾ?”

“ಆಯ್ತ್ ಸರ್,” ಅಂದರು ಮಾಸ್ಟ್ರು, ಆಗಲೇ ಗೆದ್ದವರ ಹಾಗೆ.

“ಆಯ್ತ್ ಸರ್,” ಅಂದೆ ನಾನು, ಕಸಾಯಿಯವ ಕುರಿಗೆ ಹೇಳುವಷ್ಟೇ ಪ್ರೀತಿಯಿಂದ.

ಅಂದಿನಿಂದ ಒಂಬತ್ತನೇ ‘ಬಿ’ಯಲ್ಲಿ ನಾನು ಸೈನ್ಯ ಕಟ್ಟಲು ಕೂತೆ. ಬಂದೂಕಿಲ್ಲದ, ಕತ್ತಿಯಿಲ್ಲದ ಸೈನ್ಯ. ನಿಯಮ ಒಂದೇ: ಕಾರಣ ಹೇಳದೆ ಯಾರೂ ಮುಂದಿನ ಸಾಲಿಗೆ ಹೋಗುವ ಹಾಗಿಲ್ಲ. ಮೊದಲ ದಿನ ತ್ರಿಭುಜ ಮುಟ್ಟಲೇ ಇಲ್ಲ.

“ಮೀನಿನವ ಬಂದ್ರೆ ಹಾರ್ನ್ ಕೇಂತ್. ಹೌದಾ?”

“ಹೌದ್ ಟೀಚರ್!”

“ಈಗ್ಳ್ ಹಾರ್ನ್ ಕೇಂಡ್ತ್. ಹಾಂಗಾರೆ ಮೀನಿನವ ಬಂದಾ?”

“ಬಂದಾ ಟೀಚರ್!” ಇಡೀ ಕ್ಲಾಸು ಕೂಗಿತು. ಹಿಂದಿನ ಬೆಂಚಿನವನೊಬ್ಬ ಬಂಗುಡೆಯೋ ಬೂತಾಯಿಯೋ ಎಂದೂ ಕೇಳಿದ.

ಒಬ್ಬಳು ಮಾತ್ರ ಕೂಗಲಿಲ್ಲ. ಶ್ರಾವ್ಯ. ಎರಡು ಜಡೆ, ಮುಖದ ತುಂಬ ಅನುಮಾನ. “ಐಸ್‌ಕ್ಯಾಂಡಿಯವನೂ ಹಾರ್ನ್ ಹೊಡಿತಾ ಅಲ್ದಾ ಟೀಚರ್? ನಮ್ಮಮ್ಮ ಮೊನ್ನೆ ಪಾತ್ರ ಹಿಡ್ಕಂಡ್ ಓಡ್ದ್ರ್. ಕಂಡ್ರೆ ಐಸ್‌ಕ್ಯಾಂಡಿ.”

ನನಗೆ ಆ ಹುಡುಗಿಯನ್ನು ಎತ್ತಿಕೊಂಡು ಕೊಡಚಾದ್ರಿ ಹತ್ತಬೇಕೆನಿಸಿತು. ಮೀನಿನವ ಬಂದರೆ ಹಾರ್ನ್ ಖಂಡಿತ. ಹಾರ್ನ್ ಬಂದರೆ ಮೀನಿನವ ಖಂಡಿತವಲ್ಲ. ಹಾರ್ನ್ ಇಲ್ಲವೇ ಇಲ್ಲ ಅಂದರೆ ಮೀನಿನವನೂ ಇಲ್ಲ, ಇದು ಮತ್ತೆ ಖಂಡಿತ. ಒಂದು ವಾರದಲ್ಲಿ ಮಕ್ಕಳು ಮನೆಯಲ್ಲೂ ಇದನ್ನೇ ಆಡಿದ್ದಕ್ಕೆ ಮೂರು ತಂದೆಯರು ನನ್ನ ಮೇಲೆ ದೂರು ತಂದರು.

ಎರಡನೆಯ ಪಾಠ ಅಳತೆಯ ಮೇಲೆ. ಐದಾರು ಚಿತ್ರ ಬರೆದು ಅಳೆದು ‘ಎಲ್ಲದಕ್ಕೂ ಸರಿ ಬಂತು ಟೀಚರ್, ಹಾಗಾದರೆ ಯಾವಾಗಲೂ ಸರಿ’ ಎಂದು ಹೇಳಿದವರಿಗೆ ನಾನು ಕೇಳಿದೆ: “ನೀವು ಇದುವರೆಗೆ ಕಂಡ ಗಣಿತದ ಮಾಸ್ಟ್ರಿಗೆಲ್ಲ ಮೀಸೆ ಇತ್ತಲ್ಲ? ಹಾಗಾದರೆ ನನ್ನ ಮೀಸೆ ಎಲ್ಲಿ?” ಕ್ಲಾಸಿಗೆ ಕ್ಲಾಸೇ ನನ್ನ ಮೇಲ್ದುಟಿ ನೋಡಿತು. ಸಾವಿರ ಮೀಸೆ ಕಂಡರೂ ಒಂದು ಸಾಧನೆ ಆಗುವುದಿಲ್ಲ, ಮೀಸೆಯಿಲ್ಲದ ಒಂದೇ ಮುಖ ಸಾಕು ಸಾವಿರ ಮೀಸೆಯ ಮಾತನ್ನು ಕೆಡವಲು. ಇದನ್ನು ನಾನು ಆ ದಿನ ಹೇಳಿದ ರೀತಿಗೆ ಕಿಟಕಿಯ ಮೇಲಿನ ಕಾಗೆ ಸಹ ತಲೆದೂಗಿತು.

ಅಕ್ಟೋಬರಿನಲ್ಲಿ ‘ಬಾ-ಕೋ-ಬಾ’ಕ್ಕೆ ಬಂದೆವು. ನಾನು ಅದನ್ನು ಸುಮ್ಮನೆ ಹೇಳಿಕೊಡಲಿಲ್ಲ, ಸಾಧಿಸಿ ತೋರಿಸಿದೆ. ಒಂದು ಪ್ರಶ್ನೆ ಮಾತ್ರ ಅವರ ಮುಂದೆ ಎಸೆದೆ: ಕೋನ ನಡುವೆ ಇಲ್ಲದಿದ್ದರೆ?

ಮರುದಿನ ಶ್ರಾವ್ಯ ತೆಂಗಿನ ಪೊರಕೆಯಿಂದ ಮೂರು ಕಡ್ಡಿ ಮುರಿದುಕೊಂಡು ಬಂದಳು. ಒಂದನ್ನು ಮೇಜಿನ ಮೇಲೆ ನೆಲದ ಹಾಗೆ ಅಡ್ಡ ಮಲಗಿಸಿದಳು. ಅದರ ಒಂದು ತುದಿಯಿಂದ ಇನ್ನೊಂದನ್ನು ಓರೆಯಾಗಿ ಮೇಲಕ್ಕೆ ಇಟ್ಟಳು. ಆ ಓರೆ ಕಡ್ಡಿಯ ಮೇಲಿನ ತುದಿಗೆ ಮೂರನೆಯದನ್ನು, ಸ್ವಲ್ಪ ಗಿಡ್ಡದನ್ನು, ದಾರದಲ್ಲಿ ಕಟ್ಟಿ ಇಳಿಬಿಟ್ಟು ತೂಗಿದಳು. ಅದರ ಕಾಲು ಅಡ್ಡ ಕಡ್ಡಿಗೆ ಒಮ್ಮೆ ಹತ್ತಿರದಲ್ಲಿ ತಾಗಿತು, ಒಮ್ಮೆ ದೂರದಲ್ಲಿ ತಾಗಿತು.

“ಕಾಣಿ ಟೀಚರ್. ಮೂಲಿಯ ಕೋನ ಅದೇ. ಓರೆ ಕಡ್ಡಿ ಅದೇ. ತೂಗು ಕಡ್ಡಿ ಅದೇ. ತ್ರಿಭುಜ ಮಾತ್ರ ಎರಡ್ ಆಯ್ತ್, ಒಂದ್ ಸಪೂರ, ಒಂದ್ ದಪ್ಪ. ಹಾಂಗಾರೆ ‘ಎ’ ಕ್ಲಾಸಿನೋರ್ ಹಾಡುದ್...”

“ಶ್!” ನಾನು ಅವಳ ಬಾಯಿಗೆ ಕೈ ಅಡ್ಡ ಹಿಡಿದೆ. “ಜನವರಿ ತನಕ ಉಸಿರ್ ಬಿಡ್ಬೇಡ ಹೆಣೆ.”

“ಎಂತಕ್ಕೆ ಟೀಚರ್? ನನ್ನ ಚಿಕ್ಕಪ್ಪನ ಮಗ ಸುಶಾಂತ್ ಅಲ್ಲೇ ಇದ್ದಾ. ಅವ್ನೇ ಮುಖ್ಯ ಹಾಡುವವ. ತಪ್ಪ್ ಕಲಿತಾ ಇದ್ದಾ.”

“ಕಲೀಲಿ. ಹಣ್ಣಾಗ್ಲಿ.”

ಅವಳು ನನ್ನ ಮುಖ ನೋಡಿದಳು. ಆ ಅನುಮಾನದ ನೋಟ ನನಗೆ ಹಿಡಿಸಲಿಲ್ಲ. ಆದರೂ ಹುಡುಗಿ ಮಾತು ಉಳಿಸಿಕೊಂಡಳು. ಗೋಡೆಯ ಆಚೆ ದಿನಾ ‘ಬಾ ಬಾ ಕೋ’ ಏರುತ್ತಲೇ ಹೋಯಿತು, ಹಾರ್ಮೋನಿಯಂ ಸೇರಿತು, ಶಾಲೆಯ ಹಿತ್ತಲಿನ ಹಲಸಿನ ಮರ ಕೂಡ ಆ ತಾಳಕ್ಕೇ ಎಲೆ ಉದುರಿಸುತ್ತಿತ್ತು. ಮೇಳದ ಹಿಂದಿನ ದಿನ ಮಾಸ್ಟ್ರು ಕೊಲ್ಲೂರಿಗೆ ಹೋಗಿ ತಾಳವನ್ನು ದೇವಿ ಅಮ್ಮನ ಗುಡಿಯ ನಡೆಯಲ್ಲಿಟ್ಟು ಪೂಜೆ ಮಾಡಿಸಿ ತಂದರಂತೆ. ನಾನು ಎಲ್ಲಿಗೂ ಹೋಗಲಿಲ್ಲ. ಅಮ್ಮನಿಗೆ ಗಣಿತ ಗೊತ್ತು.

ಮೇಳದ ದಿನ ಸಭಾಂಗಣದಲ್ಲಿ ಲಕ್ಷ ಜನ ಇದ್ದರು. ಮುನ್ನೂರು ಅಂತ ಗುಣಪಾಲ ಸರ್ ಹೇಳುತ್ತಾರೆ, ಅವರಿಗೆ ಎಣಿಸಲು ಬರುವುದಿಲ್ಲ. ಎದುರಿನ ಕುರ್ಚಿಯಲ್ಲಿ ಚಂದಯ್ಯ ಸರ್. ಬಿಳಿ ಅಂಗಿಯ ಇಪ್ಪತ್ತು ಹುಡುಗರು, ನಡುವೆ ಸುಶಾಂತ್, ಪಕ್ಕದಲ್ಲಿ ಜರಿ ಶಾಲು ಹೊದ್ದ ಮಾಸ್ಟ್ರು. ಹಾಡು ಎದ್ದಿತು. ನಿಜ ಹೇಳಬೇಕು, ಚೆನ್ನಾಗಿತ್ತು. ಮರವಂತೆಯ ಕಡಲು ಒಂದು ನಿಮಿಷ ಅಲೆ ನಿಲ್ಲಿಸಿ ಕೇಳಿತು. ಕೊನೆಯ ‘ಕೋ’ವನ್ನು ಅವರು ಎಳೆದ ಎಳೆತಕ್ಕೆ ಜನ ಎದ್ದು ಚಪ್ಪಾಳೆ ಹೊಡೆದರು. ನಾನು ಎಲ್ಲರಿಗಿಂತ ಜೋರಾಗಿ ಹೊಡೆದೆ.

ಚಪ್ಪಾಳೆ ಇಳಿಯುವಾಗ ಶ್ರಾವ್ಯ ಎದ್ದಳು.

“ಸರ್, ಒಂದ್ ಪ್ರಶ್ನೆ.”

“ಕೇಳ್ ಹೆಣೆ, ಕೇಳ್,” ಅಂದರು ಮಾಸ್ಟ್ರು, ವರ ಕೊಡುವ ದೇವರ ಹಾಗೆ.

“ಎರಡ್ ಬಾಹು, ಒಂದ್ ಕೋನ ಅಂದ್ರಿ. ಆ ಕೋನ ಎಲ್ಲಿದ್ರೂ ಆತ್ತಾ ಸರ್?”

“ಎಲ್ಲಿದ್ರೂ ಆತ್ತ್. ಹಾಡ್ ಕೇಂಡಿಲ್ಯಾ?”

ಅಷ್ಟು ಸಾಕಿತ್ತು ನನಗೆ. ಲಕ್ಷ ಸಾಕ್ಷಿಗಳ ಎದುರು, ಅವರದೇ ಬಾಯಿಂದ.

“ಕಾರಣ ಎಂತ ಸರ್?”

“ಕಾರಣವಾ? ಹತ್ತ್ ಚಿತ್ರ ಬರ್ದ್ ಅಳ್ದಿದೆ ನಾನ್. ಹತ್ತಕ್ಕೂ ಸರಿ ಬಂದಿತ್ತ್.”

‘ಬಿ’ ಕ್ಲಾಸಿನ ಮಕ್ಕಳು ಒಟ್ಟಿಗೆ ತಮ್ಮ ಮೇಲ್ದುಟಿ ಮುಟ್ಟಿಕೊಂಡು ಕಿಸಕ್ಕೆಂದರು.

“ಹನ್ನೊಂದನೇದ್ ನಾನ್ ಬರಿಲಾ ಸರ್? ನಿಮ್ಮ ಬೆತ್ತ ಒಂಚೂರ್ ಕೊಡಿ.”

ಬೆತ್ತ ಕೊಡದೆ ವಿಧಿಯಿರಲಿಲ್ಲ. ಚಂದಯ್ಯ ಸರ್ ಕೈಸನ್ನೆ ಮಾಡಿದ್ದರು. ಶ್ರಾವ್ಯ ವೇದಿಕೆ ಹತ್ತಿ ಅಲ್ಲಿದ್ದ ಕರಿಹಲಗೆಯ ಕೆಳಭಾಗದಲ್ಲಿ ಉದ್ದಕ್ಕೆ ಒಂದು ಗೆರೆ ಎಳೆದಳು. ಗೆರೆಯ ಎಡ ತುದಿಯಿಂದ ಮರದ ಉದ್ದ ಸ್ಕೇಲನ್ನು ಓರೆಯಾಗಿ ನಿಲ್ಲಿಸಿ, ಹಿಡಿದುಕೊಳ್ಳಲು ಸುಶಾಂತನನ್ನೇ ಕರೆದಳು. ಸ್ಕೇಲಿನ ಮೇಲಿನ ತುದಿಗೆ ಬೆತ್ತದ ಹಿಡಿಯನ್ನು ಬೆರಳಲ್ಲಿ ಒತ್ತಿ ಹಿಡಿದು ತೂಗಿದಳು. ಬೆತ್ತದ ತುದಿ ಗೆರೆಗೆ ಇಲ್ಲಿ ತಾಗಿತು. ತೂಗಿ ಹೋಗಿ ಅಲ್ಲಿ ತಾಗಿತು. ಎರಡೂ ಕಡೆ ಸೀಮೆಸುಣ್ಣದ ಚುಕ್ಕೆ.

“ಸ್ಕೇಲ್ ಬದ್ಲಾಯ್ತಾ ಸರ್?”

ಮಾಸ್ಟ್ರು ಸ್ಕೇಲನ್ನೇ ನೋಡಿದರು. ಚಂದಯ್ಯ ಸರ್ ಹೇಳಿದರು: “ಇಲ್ಲ.”

“ಬೆತ್ತ?”

“ಇಲ್ಲ.”

“ಮೂಲೆಯ ಕೋನ?”

“ಅದೂ ಇಲ್ಲ ಮಗೂ.”

“ತ್ರಿಭುಜ?”

ಉತ್ತರ ಬಂದದ್ದು ಸುಶಾಂತನಿಂದ. ಅವನು ಹುಡುಗಿಯ ಕೈಯಿಂದ ಬೆತ್ತ ತೆಗೆದುಕೊಂಡು ತಾನೇ ಒಮ್ಮೆ ತೂಗಿ ನೋಡಿ, ಮಾಸ್ಟ್ರ ಕಡೆ ತಿರುಗಿ, ಬಹಳ ಮೆಲ್ಲಗೆ ಹೇಳಿದ: “ಸರ್, ಎರಡ್ ಆತ್ತ್ ಸರ್.”

ಆಗ ಲೀಲಾಧರ ಮಾಸ್ಟ್ರು ಮಾಡಿದ್ದನ್ನು ನಾನು ಸಾಯುವವರೆಗೂ ನೆನೆದು ಸುಖಪಡುತ್ತೇನೆ. ಅವರು ತಾಳ ಎತ್ತಿ ಹಾಡನ್ನು ಮತ್ತೆ ಶುರು ಮಾಡಿದರು, ಮೊದಲಿಗಿಂತ ಜೋರಾಗಿ. ಸೊಲ್ಲು ತೆಗೆಯಲು ಯಾರೂ ಬಾಯಿ ತೆರೆಯಲಿಲ್ಲ. ಹಾರ್ಮೋನಿಯಂ ಒಮ್ಮೆ ಉಸಿರೆಳೆದು ಸುಮ್ಮನಾಯಿತು. ಒಂಟಿ ‘ಕೋ’ ಸಭಾಂಗಣದ ಹಂಚಿಗೆ ಹೋಗಿ ಬಡಿದು ಕೆಳಗೆ ಬಿತ್ತು.

“ಮಾಸ್ಟ್ರೇ, ಹಾಡು ಸಾಕು,” ಅಂದರು ಚಂದಯ್ಯ ಸರ್. “ಕೋನ ಯಾಕೆ ಕೊನೆಗೆ ಹೋಯಿತು, ಅದನ್ನು ಹೇಳಿ.”

ಮಾಸ್ಟ್ರು ಶಾಲು ಸರಿಮಾಡಿಕೊಂಡರು. “ನಡುವೆ ಕೋ ಬಂದ್ರೆ... ತಾಳಕ್ಕೆ ಕೂರ್ತಿಲ್ಲೆ ಸರ್.”

ಆ ನಗು! ಬ್ರಹ್ಮಾವರದ ಕಡೆಯವರು ಬೆಂಚು ತಟ್ಟಿ ನಕ್ಕರು, ಬೈಂದೂರಿನ ಕಡೆಯವರು ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. ನಾನು ನಗಲಿಲ್ಲ. ಸೀರೆಯ ಸೆರಗಿನ ತುದಿ ಸರಿಮಾಡಿಕೊಂಡು ಗಂಭೀರವಾಗಿ ಕೂತಿದ್ದೆ. ನಿಜವಾದ ಸೇಡಿಗೆ ಹಲ್ಲು ತೋರಿಸುವ ಅಗತ್ಯವಿಲ್ಲ.

2005ರ ಜೂನಿನಲ್ಲಿ ಹತ್ತನೇ ಕ್ಲಾಸು ನನ್ನದಾಯಿತು, ‘ಎ’ ಮತ್ತು ‘ಬಿ’ ಎರಡೂ ಸೇರಿ. ಲೀಲಾಧರ ಮಾಸ್ಟ್ರು ಎಂಟನೇ ಕ್ಲಾಸಿಗೆ ಇಳಿದರು. ಪಟ್ಟಕ್ಕೆ ಏರಿದ ರಾಣಿಯ ಹಾಗೆ ಒಳಗೆ ಹೋಗಿ ಮೊದಲ ಪರೀಕ್ಷೆ ಕೊಟ್ಟೆ. ಉತ್ತರ ತಿದ್ದಲು ಕೂತವಳಿಗೆ ಕೆಂಪು ಶಾಯಿ ಸಾಲಲಿಲ್ಲ. ‘ಎ’ಯಿಂದ ಬಂದವರಲ್ಲಿ ಹೆಚ್ಚುಕಡಿಮೆ ಎಲ್ಲರೂ ‘ಬಾ-ಬಾ-ಕೋ’ ಎಂದೇ ಬರೆದಿದ್ದರು. ಸುಶಾಂತ್ ಕೂಡ! ಮೇಳದಲ್ಲಿ ಬೆತ್ತ ತೂಗಿದ ಅದೇ ಕೈಯಿಂದ.

“ತಪ್ಪ್ ಅಂತ ಗೊತ್ತಿತ್ತಲ್ದನಾ?” ಎಂದು ಸಿಡಿದೆ.

“ಗೊತ್ತಿತ್ತ್ ಟೀಚರ್. ಕಡ್ಡಿ ಕೊಟ್ರೆ ತೋರ್ಸ್ತೆ. ಬರುಕೆ ಕೂಕಂಡ್ರೆ ಹಾಡ್ ಬತ್ತ್, ಕೈ ಹಾಡಿನ ಹಿಂದೆ ಹೋತ್ತ್.”

ಹಿಂದಿನ ಬೆಂಚಿನಿಂದ ಶ್ರಾವ್ಯ ಹೇಳಿದಳು: “ಅಕ್ಟೋಬರಗೇ ಹೇಳಿದ್ರೆ ಇಷ್ಟ್ ಗಟ್ಟಿ ಆತಿರ್ಲಿಲ್ಲೆ ಟೀಚರ್.”

“ನಿನ್ನ ಹತ್ರ ಯಾರ್ ಕೇಂಡ್ರ್? ಕೂಕೋ.”

ನಾನು ಎಲ್ಲ ಅಸ್ತ್ರ ಬಿಟ್ಟೆ. ನೂರು ಸಲ ಬರೆಸಿದೆ. ಬರೆಯುವಾಗ ಅದೇ ಧಾಟಿ ಗುನುಗಿದರು. ನಾನೇ ಸರಿಯಾದ ಹಾಡು ಕಟ್ಟಿ ಹಾಡಿದೆ. ಆ ದಿನ ಹಲಸಿನ ಮರದ ಕಾಗೆಗಳು ಸಂಸಾರ ಸಮೇತ ಊರು ಬಿಟ್ಟವು. ಕೊನೆಗೆ ಒಂದು ಸಂಜೆ ಒಲೆಯ ಮುಂದೆ ನಿಂತು ಮೀನು ಕಾಯಿಸುವಾಗ ನನ್ನ ಬಾಯಲ್ಲೇ ‘ಬಾ ಬಾ ಕೋ’ ಬಂತು. ಸಟ್ಟುಗ ಎಸೆದೆ. ಮಾರ್ಚಿನಲ್ಲಿ ಪಬ್ಲಿಕ್ ಪರೀಕ್ಷೆ. ಮಕ್ಕಳು ಅಂಕ ಕಳೆದುಕೊಂಡರೆ ಹೆಸರು ಹೋಗುವುದು ಈಗ ನನ್ನದು. ಧಾಟಿಯನ್ನು ಓಡಿಸಲು ಅದೇ ಧಾಟಿ ಬೇಕು, ಅದು ಇದ್ದದ್ದು ಒಬ್ಬರ ಗಂಟಲಲ್ಲಿ.

ಹೋದೆ. ಎಂಟನೇ ಕ್ಲಾಸಿನ ಬಾಗಿಲಿಗೇ ಹೋಗಿ ನಿಂತೆ.

“ಓ, ಬನ್ನಿ ಬನ್ನಿ, ಹತ್ತನೇ ಕ್ಲಾಸಿನ್ ಟೀಚರ್ರೇ! ಎಂತ ಬೇಕಾಯ್ತ್?”

“ಒಂದ್ ಹಾಡ್ ಬೇಕಿತ್ತ್ ಸರ್.”

“ಹಾಡಾ!” ಅವರ ಕಣ್ಣಲ್ಲಿ ಆರು ತಿಂಗಳ ಬೆಂಕಿ ಎದ್ದಿತು. “ಕಾರಣ ಎಂತ?”

ನುಂಗಿದೆ. ಮುಳ್ಳಿನ ಸಮೇತ ನುಂಗಿದೆ. “ನೀವ್ ಹಾಡ್ದೇ ಇದ್ರೆ ಮಕ್ಳಿಗೆ ಅಂಕ ಹೋತ್ತ್.”

“ಹಾಡ್ತೆ. ಆದ್ರೆ ತಾಳ ನೀವ್ ಹಾಕ್ಕ್, ಮಕ್ಳ ಎದ್ರೇ, ನನ್ನ ಪಕ್ಕದಗೆ ನಿಂತ್ಕಂಡ್.”

“ಹಾಕ್ತೆ. ಆದ್ರೆ ಕೋ ನಡುವೆ ಬರ್ಕ್. ಎಳಿಯುದೂ ನಡುವೆಯೇ, ಮುಂಚೆ ಕೊನಿಯಗೆ ಎಳ್ದಷ್ಟೇ ಉದ್ದ.”

ಮಾಸ್ಟ್ರ ಮುಖ ಬಿಳಿಚಿತು. “ಹಾಂಗೆ ಎಳದ್ರೆ ತಾಳ ತಪ್ಪುತ್ತ್ ಟೀಚರ್ರೇ!”

“ತಪ್ಲಿ.”

“ಮಂಡಳಿಯೋರ್ ಕೇಂಡ್ರೆ ನಗಾಡ್ತ್ರ್.”

“ನಗಾಡ್ಲಿ.”

ಶನಿವಾರ ಹತ್ತನೇ ಕ್ಲಾಸಿನಲ್ಲಿ ಅವರು ಕಣ್ಣುಮುಚ್ಚಿ ಹಾಡಿದರು, ನಾನು ತಾಳ ಕುಟ್ಟಿದೆ. ‘ಬಾ’ ಬಂತು. ‘ಕೋ’ ಎದ್ದು ಉದ್ದಕ್ಕೆ ಮಲಗಿತು. ತಾಳ ಎಡ ಹೋಯಿತು, ಸ್ವರ ಬಲ ಹೋಯಿತು, ಮಾಸ್ಟ್ರ ಕಾಲು ನಡುವೆ ತಡವರಿಸಿತು. ಮಕ್ಕಳು ಗೊಳ್ಳೆಂದು ನಕ್ಕರು, ಸರಿಯಾಗಿ ‘ಕೋ’ ಇದ್ದ ಜಾಗದಲ್ಲೇ. ಅವರು ಕಣ್ಣು ತೆರೆದು ಬೇಡಿದರು: “ಒಂದ್ ‘ಓ’ ಸೇರ್ಸ್ಲಾ, ಸರಿ ಆತ್ತ್?” ನಾನು ಬೇಡ ಅಂದೆ. ಪ್ರತಿ ಶನಿವಾರ ಹಾಡಿಸಿದೆ, ಪ್ರತಿ ಶನಿವಾರ ಮಕ್ಕಳು ಅದೇ ಜಾಗದಲ್ಲಿ ನಕ್ಕರು. ಮಾರ್ಚಿನ ಪರೀಕ್ಷೆ ಮುಗಿಸಿ ಹೊರಬಂದವರನ್ನು ಬಾಗಿಲಲ್ಲೇ ತಡೆದು ಒಬ್ಬೊಬ್ಬರನ್ನೂ ಕೇಳಿದೆ. ಒಬ್ಬರೂ ಕೋನವನ್ನು ಕೊನೆಗೆ ಹಾಕಿರಲಿಲ್ಲ.

ಮಾಸ್ಟ್ರ ಮಂಡಳಿಯವರು ಈಗ ಹೇಳುತ್ತಾರೆ, ಅವರು ದೇವರ ಭಜನೆ ಹಾಡುವಾಗಲೂ ನಡುವೆ ಎಲ್ಲೋ ಒಂದು ಕಡೆ ಎಡವುತ್ತಾರಂತೆ, ಯಾಕೆಂದು ಯಾರಿಗೂ ತಿಳಿಯುವುದಿಲ್ಲವಂತೆ. ನಾನು ಒಂದು ಶುಕ್ರವಾರ ಹೋಗಿ ಕೇಳಿಯೂ ಬಂದೆ. ಅಷ್ಟು ಇಂಪಾದ ಸಂಗೀತವನ್ನು ನನ್ನ ಕಿವಿ ಇನ್ನೊಂದು ಕೇಳಿಲ್ಲ.